ಬಾಯಿ ಕ್ಯಾನ್ಸರ್ ಗಡ್ಡೆಯಿಂದ ಆರ್‌ಎನ್‌ಎ ತೆಗೆಯುವುದು: ಮಲೆನಾಡಿನ ಮಳೆಗಾಲಕ್ಕೂ ಒಗ್ಗುವ ಕ್ರಮ

ಎಲೆ-ಅಡಿಕೆ, ತಂಬಾಕು ಜಗಿಯುವ ರೂಢಿ ಮಲೆನಾಡಿನಲ್ಲಿ ಹಳೆಯದು. ಅಡಿಕೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಖಚಿತವಾಗಿ ಹೇಳಿದೆ. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಗುವ ಒಂದೊಂದು ಬಾಯಿಗಡ್ಡೆಯೂ ಸಂಶೋಧನೆಗೆ ಅಮೂಲ್ಯ. ಗಡ್ಡೆಯೊಳಗೆ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಆರ್‌ಎನ್‌ಎ ತಿಳಿಸುತ್ತದೆ, ಆದರೆ ಅದು ಉಳಿದಿದ್ದರೆ ಮಾತ್ರ. ಉಳಿಯುತ್ತದೋ ಇಲ್ಲವೋ ಎಂಬುದು ಪ್ರಯೋಗಾಲಯಕ್ಕಿಂತ ಮೊದಲು ಆಪರೇಷನ್ ಥಿಯೇಟರಿನಲ್ಲೇ ತೀರ್ಮಾನವಾಗುತ್ತದೆ.

ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು. ಗಡ್ಡೆಯಲ್ಲಿ ಮೊದಲ ಹಕ್ಕು ಪೆಥಾಲಜಿಯವರದು, ಸಂಶೋಧನೆಗೆ ಅವರು ಬಿಟ್ಟುಕೊಟ್ಟಷ್ಟೇ. ಅದೇ ರೋಗಿಯ ಆರೋಗ್ಯವಂತ ಅಂಗಾಂಶದ ಒಂದು ಚೂರನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಹೋಲಿಕೆಗೆ ಆಧಾರವೇ ಇರುವುದಿಲ್ಲ.

ರಕ್ತ ಸಂಚಾರ ನಿಂತ ಕ್ಷಣದಿಂದ ಜೀವಕೋಶಗಳು ಆಮ್ಲಜನಕದ ಕೊರತೆಗೆ ಪ್ರತಿಕ್ರಿಯಿಸತೊಡಗುತ್ತವೆ. ತಡವಾದರೆ ಆರ್‌ಎನ್‌ಎ ಒಡೆಯುವುದಷ್ಟೇ ಅಲ್ಲ, ಗಡ್ಡೆಯಲ್ಲಿ ಮೊದಲು ಇಲ್ಲದಿದ್ದ ಬದಲಾವಣೆಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಚೂರನ್ನು 5 ಮಿ.ಮೀ.ಗಿಂತ ತೆಳ್ಳಗೆ ಕತ್ತರಿಸಿ, ಅದರ ಐದರಿಂದ ಹತ್ತು ಪಟ್ಟು ಆರ್‌ಎನ್‌ಎಲೇಟರ್ ಎಂಬ, ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದಲ್ಲಿ ತಕ್ಷಣ ಮುಳುಗಿಸಿ. ದಪ್ಪ ಚೂರಿನ ನಡುವಿಗೆ ದ್ರಾವಣ ಇಳಿಯುವಷ್ಟರಲ್ಲಿ ಒಳಭಾಗ ಕೆಟ್ಟಿರುತ್ತದೆ. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ದ್ರಾವಣ ಬಸಿದು, ಮೈನಸ್ 80ಕ್ಕೆ ಸೇರಿಸಿ. ಆಷಾಢದಲ್ಲಿ ಕರೆಂಟು ಹೋದರೂ ಗಾಬರಿ ಬೇಡ: ಈ ದ್ರಾವಣದಲ್ಲಿ ಚೂರು 25 ಡಿಗ್ರಿಯಲ್ಲಿ ಒಂದು ವಾರ ತಾಳುತ್ತದೆ.

ಆರ್‌ಎನ್‌ಎ ಒಡೆಯುವ ಕಿಣ್ವ (ಆರ್‌ಎನೇಸ್) ಬೆವರಿನಲ್ಲೂ ಎಂಜಲಿನಲ್ಲೂ ಇದೆ, ಆಟೋಕ್ಲೇವ್ ಮಾಡಿದರೂ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದರೂ, ಪೂರ್ತಿ ಸಾಯದು. ಗ್ಲೌಸ್ ಪದೇ ಪದೇ ಬದಲಿಸಿ, ಪಿಪೆಟ್‌ಗೆ ಫಿಲ್ಟರ್ ಇರುವ ಟಿಪ್ ಬಳಸಿ, ತೆರೆದ ಟ್ಯೂಬಿನ ಮೇಲೆ ಮಾತಾಡಬೇಡಿ.

50ರಿಂದ 100 ಮಿ.ಗ್ರಾಂ ಅಂಗಾಂಶಕ್ಕೆ 1 ಮಿ.ಲೀ. ಟ್ರೈಜಾಲ್ (ಫೀನಾಲ್ ಮತ್ತು ಗ್ವಾನಿಡಿನ್ ಲವಣ ಇರುವ ದ್ರಾವಣ) ಹಾಕಿ ನುಣ್ಣಗೆ ಅರೆಯಿರಿ. ಫೀನಾಲ್ ಚರ್ಮ ಸುಡುತ್ತದೆ, ಆವಿಯನ್ನು ಹೊರಗೆ ಸೆಳೆಯುವ ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಇದರ ತ್ಯಾಜ್ಯಕ್ಕೆ ಬ್ಲೀಚ್ ಸೇರಿಸಿದರೆ ವಿಷಾನಿಲ ಬರುತ್ತದೆ. ಸಿಂಕಿಗೂ ಸುರಿಯಬೇಡಿ, ನಮ್ಮ ಚರಂಡಿ ನೀರು ಕೊನೆಗೆ ತುಂಗೆಯ ಕಡೆಗೇ ಹರಿಯುವುದು. 0.2 ಮಿ.ಲೀ. ಕ್ಲೋರೋಫಾರ್ಮ್ ಹಾಕಿ 15 ಸೆಕೆಂಡ್ ಕುಲುಕಿ, ಮೂರು ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ (ಗುರುತ್ವದ 12,000 ಪಟ್ಟು) ವೇಗದಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ತಿಳಿ ಪದರದಿಂದ 400 ಮೈಕ್ರೋಲೀಟರ್ ಮಾತ್ರ ತೆಗೆಯಿರಿ. ಕೊನೆಯ ಹನಿಗೆ ಆಸೆಪಟ್ಟರೆ ನಡುವಿನ ಬಿಳಿ ಪದರದ ಡಿಎನ್‌ಎ ಜೊತೆಗೆ ಬರುತ್ತದೆ. ಅರ್ಧ ಮಿ.ಲೀ. ಐಸೊಪ್ರೊಪನಾಲ್ ಸೇರಿಸಿ ಹತ್ತು ನಿಮಿಷ ಬಿಟ್ಟು, ಅದೇ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿದರೆ ಆರ್‌ಎನ್‌ಎ ತಳಕ್ಕೆ ಅಂಟುತ್ತದೆ. ಶೇ. 75ರ ಎಥನಾಲ್‌ನಲ್ಲಿ ತೊಳೆದು 7,500 ಜಿಯಲ್ಲಿ ಐದು ನಿಮಿಷ ತಿರುಗಿಸಿ. ಕೆಲಸ ನಿಲ್ಲಿಸಲೇಬೇಕಾದರೆ ಇಲ್ಲಿ ನಿಲ್ಲಿಸಿ: ಎಥನಾಲ್‌ನಲ್ಲಿ ಮೈನಸ್ 20ರಲ್ಲಿ ಅದು ತಿಂಗಳುಗಟ್ಟಲೆ ಕೆಡದು.

ಒಣಗಿಸುವ ಹಂತದಲ್ಲಿ ಮಳೆಗಾಲದ ತೇವ ಕಾಡುತ್ತದೆ. ಎಥನಾಲ್ ಚೆಲ್ಲಿದ ಮೇಲೆ ಇನ್ನೊಮ್ಮೆ ಕ್ಷಣಕಾಲ ತಿರುಗಿಸಿ, ಉಳಿದ ಹನಿಯನ್ನು ಸಣ್ಣ ಟಿಪ್‌ನಿಂದ ಹೀರಿ, ಐದು ನಿಮಿಷ ಬಿಟ್ಟರೆ ಸಾಕು. ಪೂರ್ತಿ ಒಣಗಿಸಿದರೆ ಆಮೇಲೆ ಸುಲಭಕ್ಕೆ ಕರಗುವುದಿಲ್ಲ. ಆರ್‌ಎನೇಸ್ ಇಲ್ಲದ 30 ಮೈಕ್ರೋಲೀಟರ್ ನೀರಿನಲ್ಲಿ, 55 ಡಿಗ್ರಿಯಲ್ಲಿ ಹತ್ತು ನಿಮಿಷ ಕರಗಿಸಿ.

ಶುದ್ಧತೆ ತಿಳಿಯಲು ಆರ್‌ಎನ್‌ಎ ಯಾವ ತರಂಗಾಂತರದ (ನ್ಯಾನೋಮೀಟರ್) ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯಿರಿ: 260/280 ಅನುಪಾತ 2ರ ಹತ್ತಿರ ಇರಬೇಕು. 260/230 ತೀರಾ ಇಳಿದಿದ್ದರೆ ಗ್ವಾನಿಡಿನ್ ಉಳಿದಿದೆ ಎಂದರ್ಥ; ಆರ್‌ಎನ್‌ಎಯನ್ನು ಮತ್ತೆ ಅವಕ್ಷೇಪಿಸಿ (ತಳಕ್ಕಿಳಿಸಿ) ಎಥನಾಲ್‌ನಲ್ಲಿ ಎರಡು ಸಲ ತೊಳೆಯಿರಿ. ಆದರೆ ಅನುಪಾತ ಚೆನ್ನಾಗಿದ್ದ ಮಾತ್ರಕ್ಕೆ ಆರ್‌ಎನ್‌ಎ ಇಡಿಯಾಗಿದೆ ಎನ್ನಲಾಗದು, ಒಡೆದ ಚೂರುಗಳೂ ಅದೇ ಅಂಕಿ ಕೊಡುತ್ತವೆ. ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ: ರೈಬೋಸೋಮಿನ ಎರಡು ಆರ್‌ಎನ್‌ಎಗಳ ಪೈಕಿ 28ಎಸ್ ಪಟ್ಟಿ 18ಎಸ್‌ಗಿಂತ ಸುಮಾರು ಎರಡು ಪಟ್ಟು ಗಾಢವಾಗಿ ಕಂಡರೆ ಸರಿ.

ಬಾಯಿ ಕ್ಯಾನ್ಸರಿನಲ್ಲಿ ಹೆಚ್ಚಾಗುವ ಮಿರ್-21ರಂಥ ಮೈಕ್ರೋಆರ್‌ಎನ್‌ಎ (ಜೀನ್‌ಗಳನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ) ನೋಡುವವರಿಗೆ ಒಂದು ಎಚ್ಚರಿಕೆ. ಅವು ಸುಮಾರು 22 ಅಕ್ಷರದಷ್ಟೇ ಉದ್ದ. ಆರ್‌ಎನ್‌ಎ ಶುದ್ಧಿಗೆ ಕೆಲವರು ಬಳಸುವ ಸಾಮಾನ್ಯ ಸಿಲಿಕಾ ಕಾಲಮ್ 200 ಅಕ್ಷರಕ್ಕಿಂತ ಚಿಕ್ಕದ್ದನ್ನೆಲ್ಲ ತೊಳೆದುಬಿಡುತ್ತದೆ. ಜೀನಿನ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ಗೆ ಮುಂಚೆ ಡಿಎನ್‌ಎ ಒಡೆಯುವ ಡಿಎನೇಸ್ ಕಿಣ್ವ ಹಾಕಿ, ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಒಂದು ಟ್ಯೂಬನ್ನೂ ಓಡಿಸಿ. ಅದರಲ್ಲೂ ಬೇಗನೆ ಸಂಕೇತ ಬಂದರೆ ನೀವು ಅಳೆಯುತ್ತಿರುವುದು ಆರ್‌ಎನ್‌ಎಯನ್ನಲ್ಲ, ಉಳಿದುಕೊಂಡ ಡಿಎನ್‌ಎಯನ್ನು.