ಹಳೇ ಎಸ್ಟೀಮ್‌ಗೆ ಬ್ರೇಕ್ ತಗಡು ಮತ್ತೆ ಹಾಕಿದ್ದು

ಮುಂದಿನ ಚಕ್ರದ ಬ್ರೇಕ್ ಡಿಸ್ಕ್ ಹಿಂದೆ ಒಂದು ತೆಳು ತಗಡು ಇರುತ್ತದೆ. ಸ್ಪ್ಲ್ಯಾಶ್ ಶೀಲ್ಡ್ ಅಂತಾರೆ, ಅಂಗಡಿಯಲ್ಲಿ ಡಸ್ಟ್ ಕವರ್ ಅಂದರೂ ಕೊಡುತ್ತಾರೆ. ಗಾಡಿ ಹಳತಾದಾಗ ಅದು ತುಕ್ಕು ಹಿಡಿದು, ಸೊಟ್ಟಗಾಗಿ, ಡಿಸ್ಕ್‌ಗೆ ತಾಗಿ ಸದ್ದು ಮಾಡುತ್ತದೆ. ಆಗ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ, "ಕಿತ್ತು ಬಿಸಾಕೋಣ ಸಾರ್, ಅದಿಲ್ದಿದ್ರೂ ಬ್ರೇಕ್ ಹಿಡಿಯುತ್ತೆ." ಹಿಡಿಯುತ್ತೆ, ನಿಜ. ಆದರೆ ಮೂಡಿಗೆರೆ ಕಡೆ ಮಳೆಗಾಲದಲ್ಲಿ ಗಾಡಿ ಓಡಿಸುವವರು ಈ ಮಾತಿಗೆ ಒಪ್ಪಬಾರದು.

ನನ್ನ ಮಾರುತಿ ಎಸ್ಟೀಮೇ ಇದಕ್ಕೆ ಸಾಕ್ಷಿ. ಸೆಕೆಂಡ್ ಹ್ಯಾಂಡ್ ಕೊಂಡಾಗ ಎಡಗಡೆ ತಗಡು ಇರಲೇ ಇಲ್ಲ. ಮುಂಚೆಯೇ ಯಾರೋ ಕಿತ್ತಿದ್ದರು. ಬಲಗಡೆಯದು ಇತ್ತು, ಅಂಚು ಮಾತ್ರ ತುಕ್ಕು ತಿಂದಿತ್ತು. ಜೋರು ಮಳೆಯಲ್ಲಿ ಬಣಕಲ್ ದಾಟಿ ಕೊಟ್ಟಿಗೆಹಾರದ ಕಡೆ ಹೋಗುವಾಗ, ಮೊದಲ ಸಲ ಬ್ರೇಕ್ ಒತ್ತಿದರೆ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಎರಡನೇ ಸಲಕ್ಕೆ ನೆಟ್ಟಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಈ ತೊಂದರೆಯೇ ಇರಲಿಲ್ಲ.

ಎರಡೂ ಚಕ್ರ ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಎಡ ಡಿಸ್ಕಿನ ಹೊರಮೈ ಚೆನ್ನಾಗಿತ್ತು. ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು, ಅಂಚಿನಲ್ಲಿ ದಪ್ಪ ತುಕ್ಕು. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ತುಂಬಾ ಸವೆದಿತ್ತು. ಬಲಗಡೆ ಹೀಗಿರಲಿಲ್ಲ. ಡಿಸ್ಕಿನ ಹೊರಮೈಗೆ ಚಕ್ರದ ರಿಮ್ಮೇ ಮರೆ. ಒಳಮೈಗೆ ಆ ತಗಡು ಬಿಟ್ಟರೆ ಬೇರೆ ಮರೆಯಿಲ್ಲ. ಅದಿಲ್ಲದಿದ್ದರೆ ಟೈರ್ ಎರಚುವ ನೀರು, ಎಸ್ಟೇಟ್ ರಸ್ತೆಯ ಕೆಂಪು ಕೆಸರು, ಸಣ್ಣ ಜಲ್ಲಿ ಎಲ್ಲ ನೇರ ಡಿಸ್ಕಿಗೆ ಬಡಿಯುತ್ತದೆ. ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿದ ಮರಳು ಸಾಣೆಕಲ್ಲಿನ ಹಾಗೆ ಉಜ್ಜುತ್ತದೆ. ನೀರಿನ ಪದರ ಇದ್ದರೆ ಆ ಕಡೆಯ ಬ್ರೇಕ್ ಒಂದು ಕ್ಷಣ ತಡವಾಗಿ ಹಿಡಿಯುತ್ತದೆ. ಎಡ ತಡ, ಬಲ ಬೇಗ, ಅದಕ್ಕೇ ಬಲಕ್ಕೆ ಎಳೆತ. ತಿರುವಿನ ರಸ್ತೆಯಲ್ಲಿ, ಎದುರಿನಿಂದ ಬಸ್ಸು ಬರುವಾಗ ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಎರಡೂ ಕಡೆ ತಗಡು ಹಾಕುವುದು, ಡಿಸ್ಕ್ ಮತ್ತು ಪ್ಯಾಡ್ ಜೋಡಿಯಾಗಿಯೇ ಬದಲಿಸುವುದು ಅಂತ ತೀರ್ಮಾನಿಸಿದೆ. ಎಸ್ಟೀಮ್ ತಯಾರಿಕೆ ನಿಂತು ಬಹಳ ಕಾಲ ಆಯಿತು, ತಗಡು ಹಾಸನದ ಗುಜರಿಯಲ್ಲಿ ಸಿಕ್ಕಿತು. ವೈರ್ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಬಿಸಿ ತಡೆಯುವ ಕಪ್ಪು ಪೇಂಟ್ ಹಾಕಿದೆ.

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿ ಎತ್ತಿದ ಮೇಲೆ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಎಣ್ಣೆಯ ಹೋಸ್‌ನಲ್ಲಿ ಜೋತಾಡಲು ಬಿಡಬಾರದು. ಬ್ರೇಕಿನ ಧೂಳನ್ನು ಗಾಳಿ ಹಿಡಿದು ಊದಬೇಡಿ. ಹಳೇ ಪ್ಯಾಡುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಿಸ್ಕ್, ಚಕ್ರ ಕೂರುವ ಹಬ್‌ಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಸುತ್ತಿಗೆ ಬೇಡ. ಡಿಸ್ಕಿನಲ್ಲೇ ಬೋಲ್ಟಿನ ಮರೆ (ತ್ರೆಡ್) ಇರುವ ಎರಡು ತೂತುಗಳಿವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ, ಒಂದಾದ ಮೇಲೆ ಒಂದನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ.

ನಿಜವಾದ ಪೇಚು ಶುರುವಾಗುವುದು ಆಮೇಲೆ. ತಗಡು ಹಬ್ಬಿನ ಹಿಂದೆ, ಹಬ್ ಹೊತ್ತಿರುವ ನಕಲ್ ಅನ್ನೋ ಭಾಗಕ್ಕೆ ಬೋಲ್ಟ್ ಆಗಿರುತ್ತದೆ. ಅದರ ನಡುವಿನ ತೂತಿಗಿಂತ ಹಬ್ಬಿನ ಮುಖ ದೊಡ್ಡದು. ಇಡಿಯಾಗಿ ತೆಗೆಯಬೇಕು, ಹಾಕಬೇಕು ಅಂದರೆ ಹಬ್ ಕೀಳಬೇಕು. ಹಬ್ ಕಿತ್ತರೆ ಬೇರಿಂಗ್ ಹಾಳಾಗುವ ಸಾಧ್ಯತೆ ಜಾಸ್ತಿ, ಹೊಸದು ಕೂರಿಸಲು ಪ್ರೆಸ್ ಬೇಕು. ನಿಮ್ಮ ಬೇರಿಂಗ್ ಈಗಾಗಲೇ ಗುಂಯ್ ಅನ್ನುತ್ತಿದ್ದರೆ ಎರಡೂ ಕೆಲಸ ಒಟ್ಟಿಗೆ ಮಾಡಿಸಿ, ಅದೇ ಒಳ್ಳೆಯದು. ನನ್ನ ಬೇರಿಂಗ್ ಚೆನ್ನಾಗಿತ್ತು, ಮುಟ್ಟಲು ಮನಸ್ಸಾಗಲಿಲ್ಲ. ಬಲಗಡೆಯ ಹಳೇ ತಗಡನ್ನು ಕತ್ತರಿಸಿ ತುಂಡು ತುಂಡಾಗಿ ತೆಗೆದೆ. ಹಾಕಬೇಕಾದ ತಗಡಿಗೆ, ಕ್ಯಾಲಿಪರ್ ಕೂರುವ ಕಡೆ ಬಳೆ ಕಿರಿದಾಗಿರುವ ಜಾಗದಲ್ಲಿ, ಒಂದೇ ಸೀಳು ಕೊಟ್ಟೆ. ಅಂಚನ್ನು ಅರದಲ್ಲಿ ನುಣುಪು ಮಾಡಿ, ಪೇಂಟ್ ಹಚ್ಚಿ, ತಗಡನ್ನು ತುಸು ಅಗಲಿಸಿ ಹಬ್ಬಿನ ಹಿಂದೆ ನುಸುಳಿಸಿದೆ. ಬೋಲ್ಟುಗಳು ಬಿಗಿಯಾದ ಮೇಲೆ ಅದು ಅಲುಗಾಡುವುದಿಲ್ಲ. ತಗಡು ಜಾಸ್ತಿ ತೆಳುವಾಗಿದ್ದರೆ ಮಾತ್ರ ಈ ಉಪಾಯ ಬೇಡ, ನಡುಗಿ ಡಿಸ್ಕಿಗೆ ತಾಗುತ್ತದೆ.

ತಗಡಿನ ಬೋಲ್ಟುಗಳು ಸಣ್ಣವು, 10ರ ಸ್ಪ್ಯಾನರ್ ಸಾಕು. ತುಕ್ಕು ಹಿಡಿದಿದ್ದರೆ ತಲೆ ಮುರಿಯುವುದು ಸುಲಭ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬೆಂಕಿ ತೋರಿಸಬೇಡಿ, ಪಕ್ಕದಲ್ಲೇ ಬೇರಿಂಗ್ ಸೀಲ್, ಬಾಲ್ ಜಾಯಿಂಟಿನ ರಬ್ಬರ್ ಇವೆ. ಒಂದು ವೇಳೆ 6 ಎಂಎಂ ಬೋಲ್ಟ್ ಮುರಿದರೆ 5 ಎಂಎಂ ಡ್ರಿಲ್ ಹೊಡೆದು ಹೊಸದಾಗಿ ಮರೆ ಕೊಯ್ಯಬಹುದು.

ಡಿಸ್ಕ್ ಕೂರಿಸುವ ಮುಂಚೆ ಹಬ್ಬಿನ ಮುಖದ ತುಕ್ಕು ಪೂರ್ತಿ ಉಜ್ಜಿ ತೆಗೆಯಿರಿ. ಒಂದು ಚೂರು ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ ಸ್ಟೇರಿಂಗ್ ನಡುಗುತ್ತದೆ. ಡಿಸ್ಕನ್ನು ಎರಡು ವೀಲ್ ನಟ್‌ನಿಂದ ಹಿಡಿಸಿ, ಕೈಯಲ್ಲಿ ನಿಧಾನಕ್ಕೆ ಸುತ್ತಿಸಿ ನೋಡಿ. ತಗಡಿನ ಅಂಚು ಎಲ್ಲೂ ತಾಗಬಾರದು. ಹತ್ತಿರ ಬಂದ ಕಡೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಿ. ನಾನು ಸುತ್ತಲೂ 3 ಎಂಎಂ ಸಂದು ಬಿಟ್ಟೆ. ಕ್ಯಾಲಿಪರ್ ಹಾಕಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಉಜ್ಜುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗಾಡಿ ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ, ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ.

ಈಗ ಮಳೆಯಲ್ಲಿ ಆ ಎಳೆತ ಇಲ್ಲ.

ತಗಡು ಇಲ್ಲದಿದ್ದರೆ ಬ್ರೇಕ್ ತಣ್ಣಗಿರುತ್ತದೆ, ಘಾಟಿಗೆ ಒಳ್ಳೆಯದು ಅಂತ ವಾದಿಸುವವರೂ ಇದ್ದಾರೆ. ರೇಸ್ ಗಾಡಿಗಳಲ್ಲಿ ತಗಡು ತೆಗೆದು ಡಿಸ್ಕಿಗೆ ಗಾಳಿಯ ಕೊಳವೆ ಕೊಡುವುದುಂಟು. ಆದರೆ ಅವರು ಕೆಸರಿನಲ್ಲಿ ದಿನಾ ಓಡಾಡುವುದಿಲ್ಲ, ಪ್ಯಾಡನ್ನೂ ಪದೇ ಪದೇ ಬದಲಿಸುತ್ತಾರೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾಯದ ಹಾಗೆ ನೋಡಿಕೊಳ್ಳುವುದು ಗೇರು. ಎರಡನೇ ಗೇರಿನಲ್ಲಿ ಇಳಿದರೆ ಬ್ರೇಕಿಗೆ ಅರ್ಧ ಕೆಲಸವೂ ಇರುವುದಿಲ್ಲ. ಮೇಲಾಗಿ ಡಿಸ್ಕಿನ ಬಿಸಿ ಬಾಲ್ ಜಾಯಿಂಟಿನ ರಬ್ಬರಿಗೆ ನೇರ ತಾಗದಂತೆ ತಡೆಯುವುದೂ ಈ ತಗಡೇ.

ಜಲ್ಲಿ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಕಿವಿ ಕೊರೆಯುವ ಸದ್ದು ಬಂದರೆ ತಗಡನ್ನೇ ಕೀಳಬೇಡಿ. ಅದಕ್ಕೂ ಡಿಸ್ಕಿಗೂ ನಡುವೆ ಕಲ್ಲು ಸಿಕ್ಕಿರುತ್ತದೆ. ಗಾಡಿಯನ್ನು ನಿಧಾನಕ್ಕೆ ಹಿಂದಕ್ಕೂ ಮುಂದಕ್ಕೂ ತೆಗೆದರೆ ಎಷ್ಟೋ ಸಲ ಉದುರಿ ಹೋಗುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ ತಗಡನ್ನು ಬೆರಳಿನಿಂದ ಸ್ವಲ್ಪ ಹಿಂದಕ್ಕೆ ಒತ್ತಿ, ಕಲ್ಲು ಕೆಳಗೆ ಬೀಳುತ್ತದೆ. ಡಿಸ್ಕ್ ಬಿಸಿ ಇರುತ್ತದೆ, ಸ್ವಲ್ಪ ಹೊತ್ತು ಕಾದು ಕೈ ಹಾಕಿ.