ದಪ್ಪ ಗೌಜಲಕ್ಕಿ ಬೇಕೆ? ತೂಗಿ ಆರಿಸಿ

ಮನೆಯಲ್ಲಿ ಗೌಜಲಕ್ಕಿ ಸಾಕುವವರು ಸಾಮಾನ್ಯವಾಗಿ ದಪ್ಪನೆಯ ಹಕ್ಕಿಯನ್ನೇ ಮೊದಲು ಮಾರುತ್ತಾರೆ, ಇಲ್ಲವೇ ಸಾರಿಗೆ ಹಾಕುತ್ತಾರೆ. ಮೊಟ್ಟೆ ಇಡಲು ಉಳಿಯುವುದು ಸಣ್ಣವು. ಹೀಗೇ ನಾಲ್ಕೈದು ತಲೆಮಾರು ಸಾಗಿದರೆ ಇಡೀ ಹಿಂಡೇ ಕುಗ್ಗುತ್ತದೆ. ಈ ಲೆಕ್ಕವನ್ನು ತಿರುವುಮುರುವು ಮಾಡಿದರೆ ಸಾಕು, ಗಾತ್ರ ಏರತೊಡಗುತ್ತದೆ.

ಈ ಕೆಲಸಕ್ಕೆ ಗೌಜಲಕ್ಕಿಯಷ್ಟು ಒಗ್ಗುವ ಹಕ್ಕಿ ಬೇರೆ ಸಿಗುವುದು ಕಷ್ಟ. ನಾವು ಸಾಕುವ ಜಪಾನಿ ಗೌಜಲಕ್ಕಿ ಆರೇಳು ವಾರಕ್ಕೆ ಮೊಟ್ಟೆಗೆ ಬರುತ್ತದೆ, ಮೊಟ್ಟೆ 17–18 ದಿನಕ್ಕೆ ಒಡೆಯುತ್ತದೆ. ವರ್ಷದಲ್ಲಿ ಮೂರು–ನಾಲ್ಕು ತಲೆಮಾರು ನೋಡಬಹುದು. 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಬರೇಲಿಯ ಇಜ್ಜತ್‌ನಗರಕ್ಕೆ ಬಂದ ಈ ಹಕ್ಕಿಯಿಂದಲೇ ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಲ್ಲಿ ‘ಕಾರಿ ಉತ್ತಮ್’, ‘ಕಾರಿ ಉಜ್ವಲ್’ ಮುಂತಾದ ತಳಿಗಳು ಹುಟ್ಟಿದವು. ಮರಿಗಳನ್ನು ಫಾರಂನಿಂದಲೇ ತನ್ನಿ, ಅದೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು–ಮೂರು ಕಡೆಯಿಂದ. ಕಾಡು ಗೌಜಲಕ್ಕಿ ಹಿಡಿಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ತೂಗುವ ದಿನ

ಒಂದೇ ದಿನ ಒಡೆದ ಮರಿಗಳನ್ನು ಒಂದೇ ಬ್ರೂಡರ್‌ನಲ್ಲಿ (ಮರಿಗಳಿಗೆ ಬಿಸಿ ಕೊಡುವ ಗೂಡು), ಒಂದೇ ಆಹಾರದಲ್ಲಿ ಬೆಳೆಸಿ. ಎರಡು ದಿನ ಮೊದಲು ಹುಟ್ಟಿದ್ದು ಸಹಜವಾಗಿಯೇ ದಪ್ಪಗಿರುತ್ತದೆ. ಅದನ್ನು ತಳಿಯ ಗುಣ ಎಂದುಕೊಂಡರೆ ಆಯ್ಕೆ ಅಲ್ಲಿಗೇ ಕೆಟ್ಟಿತು. ಸರಿಯಾಗಿ 28ನೇ ದಿನ, ಬೆಳಿಗ್ಗೆ ಆಹಾರ ಹಾಕುವ ಮೊದಲು, ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಹಕ್ಕಿಯನ್ನೂ ತೂಗಿ. ಹಾರಿಹೋಗದಂತೆ ಸಣ್ಣ ಬಟ್ಟೆ ಚೀಲದಲ್ಲಿಟ್ಟು ತೂಗಿ, ಚೀಲದ ತೂಕ ಕಳೆಯಿರಿ. ಕಾಲಿಗೆ ಬಣ್ಣದ ಉಂಗುರ ಹಾಕಿ, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ. ಕಣ್ಣಂದಾಜನ್ನು ನಂಬಬೇಡಿ. ಗರಿ ಉಬ್ಬಿಸಿಕೊಂಡು ಕೂತ ಹಕ್ಕಿ ಎಂಥವರನ್ನೂ ಮೋಸ ಮಾಡುತ್ತದೆ.

ಗಂಡು–ಹೆಣ್ಣನ್ನು ಬೇರೆ ಬೇರೆ ಪಟ್ಟಿ ಮಾಡಿ. ಕಂದು ಬಣ್ಣದ ಹಕ್ಕಿಗಳಲ್ಲಿ ಮೂರು ವಾರಕ್ಕೇ ಗುರುತು ಸಿಗುತ್ತದೆ: ಗಂಡಿನ ಎದೆ ಒಂದೇ ಸಮನೆ ಇಟ್ಟಿಗೆ ಬಣ್ಣ, ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆ. ಗೌಜಲಕ್ಕಿಯಲ್ಲಿ ಹೆಣ್ಣೇ ಭಾರ. ಒಂದೇ ಪಟ್ಟಿ ಮಾಡಿದರೆ ಒಳ್ಳೆಯ ಗಂಡುಗಳು ಕೆಳಗೆ ಬಿದ್ದುಹೋಗುತ್ತವೆ. ಹೆಣ್ಣುಗಳಲ್ಲಿ ಮೇಲಿನ ಕಾಲುಭಾಗವನ್ನು, ಗಂಡುಗಳಲ್ಲಿ ಇನ್ನೂ ಬಿಗಿಯಾಗಿ ಆರಿಸಿ. ಕಾಲು ಸೊಟ್ಟ, ಕೊಕ್ಕು ಓರೆ ಇದ್ದರೆ ಎಷ್ಟೇ ತೂಗಿದರೂ ಬೇಡ.

ಎಷ್ಟು ಏರಿಕೆ ನಿರೀಕ್ಷಿಸಬಹುದು? ಹಿಂಡಿನ ಸರಾಸರಿ 150 ಗ್ರಾಂ, ಆರಿಸಿದವುಗಳ ಸರಾಸರಿ 170 ಎಂದಿಟ್ಟುಕೊಳ್ಳಿ. ತೂಕದ ವ್ಯತ್ಯಾಸದಲ್ಲಿ ಸುಮಾರು 40 ಶೇಕಡಾ ವಂಶವಾಹಿಯಿಂದ ಬಂದದ್ದಾದರೆ, ಮರಿಗಳಿಗೆ ದಾಟುವುದು 20 ಗ್ರಾಂನಲ್ಲಿ 8 ಗ್ರಾಂ. ಉಳಿದದ್ದು ಆಹಾರ, ಬಿಸಿ, ಜಾಗದ ಪ್ರಭಾವ. ಹಾಗಾಗಿ ಆಯ್ಕೆ ಮಾಡದ ಒಂದು ಸಣ್ಣ ಗುಂಪನ್ನು ಪಕ್ಕದಲ್ಲೇ ಅದೇ ಆಹಾರದಲ್ಲಿ ಸಾಕಿ. ಎರಡೂ ಗುಂಪು ಒಟ್ಟಿಗೇ ದಪ್ಪವಾದರೆ ಅದು ಆಹಾರದ ಫಲ, ತಳಿಯದ್ದಲ್ಲ.

ಜೋಡಿ ಹಾಕುವಾಗ

ಹೆಚ್ಚಿನವರು ಸೋಲುವುದು ಇಲ್ಲಿ. ಒಂದೇ ದೊಡ್ಡ ಗಂಡನ್ನು ಇಡೀ ಹಿಂಡಿಗೆ ಬಿಟ್ಟರೆ ಮುಂದಿನ ತಲೆಮಾರು ಅಣ್ಣ–ತಂಗಿಯರದ್ದೇ ಆಗುತ್ತದೆ. ರಕ್ತಸಂಬಂಧದ ಕೂಡಿಕೆಯನ್ನು ಗೌಜಲಕ್ಕಿ ತಾಳುವುದಿಲ್ಲ. ಫಲವತ್ತತೆ, ಮರಿ ಒಡೆಯುವ ಪ್ರಮಾಣ, ಬದುಕುಳಿಯುವಿಕೆ ಮೂರೂ ಕುಸಿಯುತ್ತವೆ.

ನಾಲ್ಕು ಗೂಡು ಮಾಡಿ, ಪ್ರತಿಯೊಂದರಲ್ಲೂ ಎರಡು–ಮೂರು ಹೆಣ್ಣಿಗೆ ಒಂದು ಗಂಡಿನ ಲೆಕ್ಕದಲ್ಲಿ ಇಡಿ. ಹೆಣ್ಣು ಮರಿಗಳು ತಾಯಿಯ ಗೂಡಿನಲ್ಲೇ ಉಳಿಯಲಿ. ಒಂದನೇ ಗೂಡಿನ ಗಂಡು ಮರಿ ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ನಾಲ್ಕಕ್ಕೆ, ನಾಲ್ಕರದ್ದು ಒಂದಕ್ಕೆ. ಪ್ರತಿ ತಲೆಮಾರಿನಲ್ಲೂ ಇದೇ ಸುತ್ತು.

ಹೆಣ್ಣು ಮೊಟ್ಟೆ ಇಡಲು ದಿನಕ್ಕೆ 14–16 ಗಂಟೆ ಬೆಳಕು ಬೇಕು. ಏಳು ದಿನದೊಳಗಿನ, ತಂಪಾದ ಕಡೆ ಇಟ್ಟ ಮೊಟ್ಟೆಗಳನ್ನೇ ಕಾವಿಗೆ ಹಾಕಿ. ಸಾಕಿದ ಗೌಜಲಕ್ಕಿ ಕಾವಿಗೆ ಕೂರುವುದು ತೀರಾ ಅಪರೂಪ, ಇನ್‌ಕ್ಯುಬೇಟರ್ ಬೇಕೇ ಬೇಕು: ಫ್ಯಾನ್ ಇರುವುದಾದರೆ 37.5 ಡಿಗ್ರಿ, 14ನೇ ದಿನದವರೆಗೆ ಹೊರಳಿಸುವುದು, ಆಮೇಲೆ ತೇವಾಂಶ ಹೆಚ್ಚಿಸುವುದು. ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ, 24 ಶೇಕಡಾಕ್ಕೂ ಹೆಚ್ಚು ಪ್ರೋಟೀನಿನ ಆಹಾರ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಹೆಬ್ಬೆರಳಿನಷ್ಟೇ ಇರುವ ಮರಿ ಅದರಲ್ಲೇ ಮುಳುಗಿ ಸಾಯುತ್ತದೆ.

ತೂಕ ಬರೆದ ಪುಟದ ಪಕ್ಕದಲ್ಲೇ ಪ್ರತಿ ಗೂಡಿನಿಂದ ಎಷ್ಟು ಮೊಟ್ಟೆ ಕಾವಿಗೆ ಇಟ್ಟಿರಿ, ಎಷ್ಟು ಒಡೆದವು ಎಂದೂ ಬರೆಯಿರಿ. ತೂಕ ಏರುತ್ತಾ ಒಡೆಯುವ ಪ್ರಮಾಣ ಇಳಿಯುತ್ತಿದ್ದರೆ ಒಂದು ತಲೆಮಾರು ತೂಕದ ಆಯ್ಕೆ ನಿಲ್ಲಿಸಿ, ಚೆನ್ನಾಗಿ ಮರಿಯಾಗುವ ಗೂಡುಗಳಿಂದಲೇ ಹಕ್ಕಿ ಉಳಿಸಿಕೊಳ್ಳಿ. ಆಗಲೂ ಸುಧಾರಿಸದಿದ್ದರೆ ಬೇರೆ ಫಾರಂನಿಂದ ಹೊಸ ಗಂಡು ತಂದು, ಎರಡು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಗೂಡಿಗೆ ಮಾತ್ರ ಬಿಡಿ.