ಚಿತ್ರ ಮುಗೀತು, ಸ್ಪರ್ಧೆಗೆ ಕೊಡೋದು ಹೇಗೆ?

ದಸರಾ, ರಾಜ್ಯೋತ್ಸವ ಹತ್ತಿರ ಬಂತೆಂದರೆ ಊರೂರಲ್ಲೂ ಚಿತ್ರಕಲಾ ಸ್ಪರ್ಧೆಗಳ ಪ್ರಕಟಣೆ ಶುರು. ಚಿತ್ರಕ್ಕೆ ತಿಂಗಳುಗಟ್ಟಲೆ ಕೂರುವ ನಾವು ಅರ್ಜಿಗೆ ಕೊಡುವುದು ಮಾತ್ರ ಕೊನೇ ದಿನದ ಅರ್ಧ ಗಂಟೆ. ತೀರ್ಪುಗಾರರ ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ಒಳ್ಳೆಯ ಚಿತ್ರ ಹೊರಗುಳಿಯುವುದು ಈ ಅರ್ಧ ಗಂಟೆಯ ಗಡಿಬಿಡಿಯಲ್ಲೇ. ನಾನೂ ಹಾಗೆ ಹೊರಗುಳಿದವನೇ.

ಮೊದಲು ನಿಯಮ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಪೋಸ್ಟರ್ ಒಂದನ್ನೇ ನಂಬಬೇಡಿ. ಸಂಘಟಕರಿಂದ ಪೂರ್ತಿ ನಿಯಮಗಳನ್ನು ಕೇಳಿ ಪಡೆಯಿರಿ. ಸ್ಥಳದಲ್ಲೇ ಬಿಡಿಸಬೇಕೋ, ಮುಗಿದ ಚಿತ್ರ ಕೊಡಬೇಕೋ? ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ? ಫೋಟೊ ನೋಡಿ ಬಿಡಿಸಿದ್ದಾದರೆ ಆ ಫೋಟೊ ನೀವೇ ತೆಗೆದದ್ದಾಗಿರಲಿ. ನೆಟ್‌ನಿಂದ ಎತ್ತಿಕೊಂಡದ್ದಕ್ಕೆ ‘ಸ್ವಂತ ಕೃತಿ’ ಎಂದು ಸಹಿ ಹಾಕುವುದು ಸರಿಯಲ್ಲ ಅಲ್ವಾ?

ಅಳತೆ: ಫ್ರೇಮ್ ಸೇರಿಯೋ, ಬಿಟ್ಟೋ?

ನಾನು ಎಡವಿದ್ದು ಇಲ್ಲೇ. ‘ಗರಿಷ್ಠ 24x36 ಇಂಚು, ಫ್ರೇಮ್ ಸೇರಿ’ ಎಂದಿತ್ತು. ನನ್ನದು ಜಲವರ್ಣ, 22x30 ಇಂಚಿನ ಫುಲ್ ಶೀಟ್. ಆರಾಮಾಗಿ ಹಿಡಿಸುತ್ತದೆ ಅಂದುಕೊಂಡೆ. ಸುತ್ತಲೂ 2 ಇಂಚಿನ ಮೌಂಟ್ (ಚಿತ್ರಕ್ಕೂ ಫ್ರೇಮಿಗೂ ನಡುವಿನ ರಟ್ಟಿನ ಅಂಚು), 1 ಇಂಚಿನ ಫ್ರೇಮ್ ಪಟ್ಟಿ ಹಾಕಿಸಿದೆ. ಅಲ್ಲಿಗೆ ಉದ್ದಕ್ಕೂ ಅಗಲಕ್ಕೂ ತಲಾ 6 ಇಂಚು ಜಾಸ್ತಿಯಾಗಿ 28x36 ಆಯಿತು. ಉದ್ದ ಸರಿಹೋಯಿತು, ಅಗಲ 4 ಇಂಚು ಮೀರಿತು. ಕೌಂಟರಿನಲ್ಲಿದ್ದ ಹುಡುಗ ಟೇಪ್ ಹಿಡಿದು ನೋಡಿ ತಲೆ ಅಲ್ಲಾಡಿಸಿದ. ಅರ್ಧ ಶೀಟಿನಲ್ಲಿ, ಅಂದರೆ 15x22ರಲ್ಲಿ ಬಿಡಿಸಿದ್ದರೆ ಎಲ್ಲ ಸೇರಿ 21x28ಕ್ಕೆ ಮುಗಿಯುತ್ತಿತ್ತು. ಅದಕ್ಕೇ ಹೇಳುವುದು, ಪೇಪರ್ ಕತ್ತರಿಸುವ ಮೊದಲೇ ಫ್ರೇಮಿನ ಲೆಕ್ಕ ಹಾಕಿ.

ಫೋಟೊ

ಈಗ ಬಹಳ ಕಡೆ ಮೊದಲ ಸುತ್ತು ಫೋಟೊ ನೋಡಿಯೇ ಮುಗಿಯುತ್ತದೆ. ಹಾಗಾಗಿ ಇದಕ್ಕೆ ಒಂದು ಬೆಳಗ್ಗೆ ಪೂರ್ತಿ ಎತ್ತಿಡಿ. ಗಾಜು ಹಾಕಿಸುವ ಮೊದಲೇ ಫೋಟೊ ತೆಗೆಯಿರಿ, ಇಲ್ಲವಾದರೆ ಚಿತ್ರದ ನಡುವೆ ನಿಮ್ಮದೇ ಮುಖ ಕಾಣುತ್ತದೆ. ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಚಿತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ. ಟ್ಯೂಬ್‌ಲೈಟ್ ಬೇಡ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಮೊಬೈಲ್ ಚಿತ್ರದ ಮಧ್ಯಭಾಗದ ಎತ್ತರಕ್ಕಿರಲಿ. ತೀರಾ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟಿರಿ. ಫೋಟೊದಲ್ಲಿ ಅದು ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಚಿತ್ರದ ಬಣ್ಣವೂ ಹಾಳಾಗಿದೆ ಎಂದೇ ಅರ್ಥ. ಕೊನೆಗೆ ಗೋಡೆ, ಹಾಳೆ ಎಲ್ಲ ಕತ್ತರಿಸಿ ಚಿತ್ರ ಮಾತ್ರ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಸುಮ್ನೆ ಫೋಟೊ ಎಂದು ಕಳಿಸಿದರೆ ಅದರ ಗುಣಮಟ್ಟ ಇಳಿದುಹೋಗುತ್ತದೆ.

ಅರ್ಜಿ

ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಬರೆಯಬೇಕು. ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ. ಬೆಲೆಯ ಜಾಗ ಖಾಲಿ ಬಿಡಬೇಡಿ. ಕೊಡುವ ಮನಸ್ಸಿಲ್ಲದಿದ್ದರೆ ‘ಮಾರಾಟಕ್ಕಿಲ್ಲ’ ಎಂದು ಬರೆಯಿರಿ.

ಕೆಳಗಿನ ಸಣ್ಣಕ್ಷರವನ್ನೂ ಓದಿ. ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕುಸ್ವಾಮ್ಯ ಕಲಾವಿದರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡಲು ಸಹಿ ಇರುವ ಬರಹ ಬೇಕು. ಆ ಸಹಿ ನೀವು ಇದೇ ಅರ್ಜಿಯಲ್ಲಿ ಹಾಕುತ್ತಿರಬಹುದು! ಕ್ಯಾಟಲಾಗ್‌ಗೆ, ಪ್ರಚಾರಕ್ಕೆ ಬಳಸುತ್ತೇವೆ ಎಂದರೆ ಪರವಾಗಿಲ್ಲ. ‘ಎಲ್ಲ ಹಕ್ಕೂ ಸಂಘಟಕರದು’ ಎಂದಿದ್ದರೆ ನಾನಂತೂ ಕೊಡುವುದಿಲ್ಲ.

ಫ್ರೇಮ್, ಪ್ಯಾಕಿಂಗ್

ಬಸ್ಸಿನಲ್ಲಿ ಒಯ್ಯುವುದಾದರೆ ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ. ಹಿಂದೆ ಎರಡೂ ಬದಿಗೆ ರಿಂಗ್ ಬಡಿಸಿ ತಂತಿ ಕಟ್ಟಿ. ಹೆಸರು, ಶೀರ್ಷಿಕೆ, ಫೋನ್ ನಂಬರಿನ ಚೀಟಿ ಅಂಟಿಸಿ. ಬಾಣದ ಗುರುತು ಹಾಕಿ ‘ಮೇಲೆ’ ಎಂದು ಬರೆಯಿರಿ. ನಗಬೇಡಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಮತೀಸ್‌ನ ಕೃತಿಯೊಂದು 47 ದಿನ ತಲೆಕೆಳಗಾಗಿ ತೂಗಿತ್ತು.

ತೈಲವರ್ಣಕ್ಕೆ ಅವಸರ ಮಾಡಬೇಡಿ. ಮುಟ್ಟಿದರೆ ಒಣಗಿದಂತಿದ್ದರೂ ದಪ್ಪ ಬಣ್ಣ ಒಳಗೆ ಹಸಿಯಾಗಿಯೇ ಇರುತ್ತದೆ. ಒಮ್ಮೆ ಎರಡೇ ವಾರಕ್ಕೆ ಬಟರ್ ಪೇಪರ್ ಸುತ್ತಿಬಿಟ್ಟಿದ್ದೆ. ಬಿಚ್ಚಿದಾಗ ಚಿತ್ರದಲ್ಲಿದ್ದ ಎಮ್ಮೆಯ ಕೊಂಬು ಪೇಪರಿಗೆ ಅಂಟಿ ಬಂದಿತ್ತು. ಮೈಸೂರು ಶೈಲಿಯ ಚಿನ್ನದ ರೇಕಿನ ಕೆಲಸಕ್ಕೆ ಬಬಲ್ ರ‍್ಯಾಪ್ ನೇರ ತಾಗದಂತೆ ನಡುವೆ ಬಟರ್ ಪೇಪರ್ ಇರಲಿ.

ಕೊಟ್ಟ ಮೇಲೆ ರಸೀದಿ ಇಸಿದುಕೊಳ್ಳಿ, ವಾಪಸ್ ಪಡೆಯುವ ತಾರೀಖನ್ನು ಅದರಲ್ಲೇ ಬರೆಸಿಕೊಳ್ಳಿ. ಪ್ಯಾಕ್ ಮಾಡಿದ ರಟ್ಟಿನ ಡಬ್ಬ ಅಲ್ಲೇ ಎಸೆದು ಬರಬೇಡಿ. ಚಿತ್ರ ಮನೆಗೆ ತರುವಾಗ ಅದೇ ಬೇಕಾಗುತ್ತದೆ.